‘ಈ ಕೈ ಬ್ಯಾಡವ್ವಾ’: ಡಯಾಲಿಸಿಸ್ ರೋಗಿಯೊಬ್ಬರು ನಮ್ಮ ಕ್ಲಾಸಿಗೆ ಪಾಠ ಹೇಳಿದ ಪ್ರಕರಣ

ನಾನು ದಾವಣಗೆರೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವಿಷಯ ಮೆಡಿಕಲ್ ಸರ್ಜಿಕಲ್. 2021ರಲ್ಲಿ ಬಿಎಸ್ಸಿ ನರ್ಸಿಂಗ್‌ಗೆ ಸೆಮಿಸ್ಟರ್ ಬಂದ ಮೇಲೆ ಅದಕ್ಕೆ ಅಡಲ್ಟ್ ಹೆಲ್ತ್ ನರ್ಸಿಂಗ್ ಅಂತ ಹೆಸರಾಯಿತು. ನಾವಿನ್ನೂ ಮೆಡ್-ಸರ್ಜ್ ಅಂತಲೇ ಕರೆಯುತ್ತೇವೆ.

ಕಿಡ್ನಿ ಪಾಠ ಮುಗಿದ ಮೇಲೆ ಇಂಟರ್ನಲ್ ಪರೀಕ್ಷೆಯಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಫಿಸ್ಟುಲಾ ಇರುವ ರೋಗಿಯ ಆರೈಕೆ ಬರೆಯಿರಿ ಅಂತ. ಮಕ್ಕಳು ಚೆನ್ನಾಗಿ ಬರೆಯುತ್ತಾರೆ. ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಬಾರದು, ರಕ್ತ ತೆಗೆಯಬಾರದು, ಡ್ರಿಪ್ ಹಾಕಬಾರದು, ಬಿಗಿ ಬಳೆ, ವಾಚು ಬೇಡ, ಭಾರ ಎತ್ತಬಾರದು, ದಿನಾ ಮುಟ್ಟಿ ನೋಡಬೇಕು. ಹತ್ತಕ್ಕೆ ಒಂಬತ್ತು ಮಾರ್ಕು. ಅದೇ ಮಕ್ಕಳು ವಾರ್ಡಿನಲ್ಲಿ, ಬೆಳಗಿನ ಗಡಿಬಿಡಿಯಲ್ಲಿ, ಯಾವ ಕೈ ಹತ್ತಿರ ಸಿಗುತ್ತದೋ ಅದಕ್ಕೇ ಪಟ್ಟಿ ಕಟ್ಟುತ್ತಾರೆ. ಎಲ್ಲರೂ ಅಲ್ಲ. ಆದರೆ ಒಬ್ಬರು ಕಟ್ಟಿದರೂ ಸಾಕಲ್ವಾ?

ನರ್ಸಿಂಗ್‌ನವರಲ್ಲದ ಓದುಗರಿಗೆ ಒಂದು ಮಾತು. ಡಯಾಲಿಸಿಸ್ ಮಾಡಬೇಕಾದರೆ ಮೈಯಿಂದ ರಕ್ತ ಜೋರಾಗಿ ಹೊರಗೆ ಬರಬೇಕು, ಶುದ್ಧವಾಗಿ ಒಳಗೆ ಹೋಗಬೇಕು. ಮಾಮೂಲಿ ನರಕ್ಕೆ ಅಷ್ಟು ತಾಕತ್ತಿಲ್ಲ. ಅದಕ್ಕೆ ಸಣ್ಣ ಆಪರೇಷನ್ ಮಾಡಿ, ಹೃದಯದಿಂದ ಬರುವ ರಕ್ತನಾಳವನ್ನು ಹೃದಯಕ್ಕೆ ಮರಳುವ ರಕ್ತನಾಳಕ್ಕೆ ಜೋಡಿಸುತ್ತಾರೆ. ಅದೇ ಫಿಸ್ಟುಲಾ. ರಕ್ತದ ರಭಸಕ್ಕೆ ಆ ನಾಳ ಉಬ್ಬಿ, ದಪ್ಪ ಸೂಜಿ ಚುಚ್ಚುವಷ್ಟು ಗಟ್ಟಿಯಾಗಲು ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕು. ಮುಚ್ಚಿಹೋಗಲು ಒಂದು ರಾತ್ರಿ ಸಾಕು.

ರೋಗಿಯಿಲ್ಲದ ರೋಗಿಗಳ ದಿನ

ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಕೊಟ್ಟ ವಿಷಯವೇ ರೋಗಿಗಳನ್ನು ಜೊತೆಗೆ ಸೇರಿಸಿಕೊಳ್ಳುವುದು. ನಾವೂ ಆಚರಿಸಿದೆವು. ರಂಗೋಲಿ ಹಾಕಿದೆವು, ಪೋಸ್ಟರ್ ಸ್ಪರ್ಧೆ ಇಟ್ಟೆವು, ಭಾಷಣ ಮಾಡಿದೆವು, ಗ್ರೂಪ್ ಫೋಟೊ ತೆಗೆಸಿಕೊಂಡೆವು. ಸಂಜೆ ಫೋಟೊ ನೋಡುವಾಗ ಹೊಳೆಯಿತು, ಅಷ್ಟು ಜನರಲ್ಲಿ ಒಬ್ಬ ರೋಗಿಯೂ ಇಲ್ಲ.

ರೋಗಿಯನ್ನು ಕ್ಲಾಸಿಗೆ ಕರೆಯುವುದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2018ರಲ್ಲಿ ತಂದ ಶಿಕ್ಷಣದ ನಿಯಮಗಳಲ್ಲಿ, ಕೋರ್ಸು ರೂಪಿಸುವಾಗಿನಿಂದ ಪಾಠ ಹೇಳುವವರೆಗೆ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಇರಬೇಕು ಅಂತಿದೆ. ಅದಕ್ಕೂ ಹಿಂದೆ, 1963ರಲ್ಲಿ, ಅಮೆರಿಕದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ ಆರೋಗ್ಯವಂತರೊಬ್ಬರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ್ದರು. ಅದು ಈಗ ನಮ್ಮ ಸ್ಕಿಲ್ ಲ್ಯಾಬುಗಳಲ್ಲೂ ನಡೆಯುತ್ತದೆ. ಆದರೆ ಪಾತ್ರ ಮಾಡುವವರು ನಾವು ಬರೆದುಕೊಟ್ಟಿದ್ದನ್ನು ಹೇಳುತ್ತಾರೆ. ನನಗೆ ಬೇಕಿದ್ದದ್ದು ನಾನು ಬರೆದುಕೊಡಲಾಗದ್ದು.

ಯಜಮಾನ್ರು

ಅವರ ಹೆಸರು ಇಲ್ಲಿ ಬೇಡ. ನಾವು ಯಜಮಾನ್ರು ಅಂತ ಕರೆಯುತ್ತೇವೆ, ಹಾಗೇ ಬರೆಯುತ್ತೇನೆ. ಇದನ್ನು ಬರೆದು ಅವರಿಗೆ ಓದಿ ಹೇಳಿದ್ದೇನೆ. ಎರಡು ಸಾಲು ತೆಗೆಸಿದರು. ತೆಗೆದಿದ್ದೇನೆ.

ವಯಸ್ಸು ಐವತ್ತನಾಲ್ಕು. ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಕೆಲಸ. ಬಿ.ಪಿ. ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗುತ್ತಿದ್ದರು. ಕಾಲು ಊದಿಕೊಂಡು ಆಸ್ಪತ್ರೆಗೆ ಬಂದಾಗ ಎರಡೂ ಕಿಡ್ನಿ ಕೈಬಿಟ್ಟಿದ್ದವು. ಈಗ ಐದು ವರ್ಷದಿಂದ ಡಯಾಲಿಸಿಸ್. ಬಿಪಿಎಲ್ ಕಾರ್ಡ್ ಇರುವುದರಿಂದ ಸರ್ಕಾರದ ಯೋಜನೆಯಲ್ಲಿ ಖರ್ಚಿಲ್ಲದೆ ನಡೆಯುತ್ತಿದೆ. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ನಾಲ್ಕು ನಾಲ್ಕು ಗಂಟೆ.

ವಾರಕ್ಕೆ 168 ಗಂಟೆ. ನಮ್ಮ ನಿಮ್ಮ ಕಿಡ್ನಿ ಅಷ್ಟೂ ಹೊತ್ತು ದುಡಿಯುತ್ತದೆ. ಅವರಿಗೆ ಮಷಿನ್ ಸಿಗುವುದು 8 ಗಂಟೆ. ಉಳಿದ 160 ಗಂಟೆ ಅವರೇ ತಮ್ಮ ಮೈ ಕಾಯಬೇಕು. ಕ್ಲಾಸಿನಲ್ಲಿ ನಾನು ಹೇಳುವುದು ಆ 8 ಗಂಟೆಯ ಪಾಠ. ಉಳಿದದ್ದು ಗೊತ್ತಿರುವುದು ಅವರಿಗೆ ಮಾತ್ರ.

ಕರೆದಾಗ ಮೊದಲು ನಕ್ಕರು. ‘ನಾನು ನಾಲ್ಕನೇ ಕ್ಲಾಸು ಮೇಡಂ. ನಿಮ್ಮ ಮಕ್ಕಳಿಗೆ ನಾನೇನು ಹೇಳ್ಲಿ?’ ಅಂದರು. ನಾನು ‘ಗುರುವಾರ ಹೇಗೂ ಆಸ್ಪತ್ರೆಗೆ ಬಂದಿರ್ತೀರಿ, ಡಯಾಲಿಸಿಸ್ ಮುಗಿಸಿ ಹಾಗೇ ಬನ್ನಿ’ ಅಂದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ. ಅವರ ಹೆಂಡತಿ ಪಕ್ಕದಲ್ಲಿದ್ದರು. ‘ಆವತ್ತು ಆಟೋ ಹತ್ತಿಸೋಕೇ ಇಬ್ರು ಬೇಕು’ ಅಂದರು. ಹತ್ತು ವರ್ಷದಿಂದ ಡಯಾಲಿಸಿಸ್ ಪಾಠ ಹೇಳುತ್ತಿರುವ ನನಗೆ, ಮುಗಿಸಿ ಎದ್ದವರ ಕಾಲಲ್ಲಿ ಜೀವ ಇರುವುದಿಲ್ಲ ಅನ್ನುವುದು ಗೊತ್ತಿರಲಿಲ್ಲವಾ? ಪುಸ್ತಕದಲ್ಲಿ ಗೊತ್ತಿತ್ತು. ಶುಕ್ರವಾರ ಮಧ್ಯಾಹ್ನ ಅಂತ ಅವರೇ ದಿನ ಹೇಳಿದರು.

ಬಾಟಲಿ

ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಹದಿನಾಲ್ಕು ಮಂದಿ ಕೇರಳದವರು, ಉಳಿದವರು ಇಲ್ಲಿಯವರೇ. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಮಕ್ಕಳು. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಹಾಗಾಗಿ ನಮ್ಮ ಹಳ್ಳಿ ಮಕ್ಕಳು ಹಿಂದಿನ ಬೆಂಚು ಹಿಡಿದು ಬಾಯಿ ಮುಚ್ಚಿಕೊಂಡಿರುತ್ತಾರೆ.

ಯಜಮಾನ್ರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೈಯಲ್ಲೊಂದು ಬಟ್ಟೆ ಚೀಲ. ಅದರಿಂದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದಿತ್ತು, 800 ಮಿಲಿ ಹತ್ತಿರ.

‘ಇದು ನನ್ನ ದಿನದ ರೇಷನ್ನು’ ಅಂದರು. ‘ಬೆಳಿಗ್ಗೆ ಗೆರೆ ತನಕ ನೀರು ತುಂಬಿ ಇಡ್ತೀನಿ. ಕುಡಿಯೋಕಲ್ಲ, ಲೆಕ್ಕಕ್ಕೆ. ಅರ್ಧ ಲೋಟ ಕಾಫಿ ಕುಡಿದ್ರೆ ಇದರಿಂದ ಅರ್ಧ ಲೋಟ ನೀರು ಗಿಡಕ್ಕೆ ಹಾಕ್ತೀನಿ. ಸಾರು ಹಾಕಿಸ್ಕೊಂಡ್ರೆ ಅದಕ್ಕೂ ಅಷ್ಟು. ಮಜ್ಜಿಗೆ ಕುಡಿದ್ರೂ ಅಷ್ಟೇ. ಬಾಟ್ಲಿ ಖಾಲಿ ಆತು ಅಂದ್ರೆ ಆವತ್ತಿನದು ಮುಗೀತು.’

ನಮ್ಮ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲಿದೆ. ಹಿಂದಿನ ದಿನ ಹೋದ ಮೂತ್ರದ ಅಳತೆ, ಅದಕ್ಕೆ 500 ಮಿಲಿ ಸೇರಿಸಿ, ಅಷ್ಟು ಮಾತ್ರ ದ್ರವ. ಅವರಿಗೆ ಮೂತ್ರ 300 ಮಿಲಿ ಆಸುಪಾಸು ಹೋಗುತ್ತದೆ. ಲೆಕ್ಕ ಸರಿಯಾಗಿ 800. ಆದರೆ ಸಾರು ಎಷ್ಟು ಮಿಲಿ ಅಂತ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಒಬ್ಬ ಹುಡುಗ ಕೇಳಿದ, ‘ಅಂಕಲ್, ಬಾಯಾರಿಕೆ ಹೇಗೆ ತಡ್ಕೋತೀರಿ?’

‘ತಮ್ಮಾ, ಬಾಯಾರಿಕೆ ತಡ್ಕೊಳ್ಳೋಕೆ ಆಗಲ್ಲ. ಬರದಂಗೆ ನೋಡ್ಕೋಬೇಕು. ಉಪ್ಪು ತಿಂದವ್ನು ನೀರು ಕುಡೀಲೇಬೇಕು ಅಂತಾರಲ್ಲ, ಆ ಗಾದೆ ನಮ್ಮಂಥೋರಿಗೇ ಮಾಡಿದ್ದು. ನೀವು ನರ್ಸಮ್ಮಂದಿರು ಬಂದು ನೀರು ಕಮ್ಮಿ ಕುಡೀರಿ, ನೀರು ಕಮ್ಮಿ ಕುಡೀರಿ ಅಂತೀರಿ. ಮೊದ್ಲು ಉಪ್ಪು ಬಿಡ್ಸಿ. ಉಪ್ಪಿನಕಾಯಿ, ಹಪ್ಪಳ, ಸಂಜೆ ಮಂಡಕ್ಕಿ-ಮೆಣಸಿನಕಾಯಿ. ಅದು ಬಿಟ್ರೆ ಅರ್ಧ ಬಾಯಾರಿಕೆ ತಾನೇ ಹೋಗುತ್ತೆ.’

ದಾವಣಗೆರೆಯವರಿಗೆ ಸಂಜೆ ಮಂಡಕ್ಕಿ-ಮೆಣಸಿನಕಾಯಿ ಬಿಡಿ ಅನ್ನುವುದು ಸಣ್ಣ ಮಾತಲ್ಲ. ಅದೂ ಮಂಡಕ್ಕಿ ಹುರಿದೇ ಬದುಕಿದವರ ಬಾಯಲ್ಲಿ. ಕ್ಲಾಸು ನಕ್ಕಿತು, ಅವರೂ ನಕ್ಕರು. ಅವರು ಹೇಳಿದ್ದು ವೈದ್ಯಕೀಯವಾಗಿಯೂ ಸರಿ. ಉಪ್ಪು ಕಡಿಮೆ ಮಾಡದೆ ನೀರಿಗೆ ಮಾತ್ರ ಕಡಿವಾಣ ಹಾಕಿದರೆ ಅದು ನಿಲ್ಲುವುದಿಲ್ಲ.

ಎಳನೀರಿನ ಕಥೆಯನ್ನೂ ಹೇಳಿದರು. ಯಾರೋ ನೆಂಟರು ನೋಡಲು ಬಂದವರು ಪ್ರೀತಿಯಿಂದ ಎರಡು ಎಳನೀರು ಕುಡಿಸಿದ್ದರು. ರಾತ್ರಿ ಕೈಕಾಲು ಸೋತು ಎಮರ್ಜೆನ್ಸಿಗೆ ಓಡಬೇಕಾಯಿತು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗಬಹುದು. ಕಾಯಿಲೆಯವರನ್ನು ನೋಡಲು ಎಳನೀರು ಹಿಡಿದು ಹೋಗುವ ನಾಡು ನಮ್ಮದು. ಈ ಮಾತನ್ನು ವಾರ್ಡಿನ ಬಾಗಿಲಲ್ಲೇ ಬರೆದು ಹಾಕಬೇಕು ಅಂತ ನನಗನ್ನಿಸಿತು.

ಒಂದು ಕಡೆ ಮಾತ್ರ ನಾನು ಮಧ್ಯೆ ಬಾಯಿ ಹಾಕಿದೆ. ಊರ ಜಾತ್ರೆಗೆ ಹೋಗಲು ಒಮ್ಮೆ ಒಂದು ಡಯಾಲಿಸಿಸ್ ತಪ್ಪಿಸಿದ್ದೆ, ‘ಏನೂ ಆಗ್ಲಿಲ್ಲ’ ಅಂದರು. ಹಾಗೆ ತಪ್ಪಿಸಿ ಜೀವ ಹೋದವರಿದ್ದಾರೆ, ಸುಮ್ಮನೆ ಕೂರಲಾಗಲಿಲ್ಲ. ‘ನಿಮ್ಮ ಅದೃಷ್ಟ ಯಜಮಾನ್ರೆ’ ಅಂದೆ. ಅವರು ನನ್ನತ್ತ ನೋಡಿ, ‘ಮೇಡಂ ಹೇಳಿದ್ದು ಸರಿ ಐತೆ. ಆದ್ರೆ ಯಾಕೆ ತಪ್ಪಿಸ್ದೆ ಅಂತ ನೀವು ಕೇಳ್ಲಿಲ್ಲ’ ಅಂದರು. ಐದು ವರ್ಷದಲ್ಲಿ ಊರಿಗೆ ಹೋಗಿ ಒಂದು ರಾತ್ರಿ ಉಳಿದದ್ದು ಅದೊಂದೇ ಸಲವಂತೆ.

‘ಈ ಕೈ ಬ್ಯಾಡ’

ಆಮೇಲೆ ಎಡಗೈ ತೋಳು ಮಡಚಿದರು. ಮೊಣಕೈ ಹತ್ತಿರ ನಾಳ ಹಗ್ಗದ ಹಾಗೆ ಉಬ್ಬಿತ್ತು. ‘ಬನ್ರವ್ವಾ, ಮುಟ್ಟಿ ನೋಡ್ರಿ’ ಅಂದರು. ಮೊದಲು ಬಂದ ಹುಡುಗಿ ಬೆರಳಿಟ್ಟು ಗಕ್ಕನೆ ತೆಗೆದಳು. ‘ಮೊಬೈಲ್ ವೈಬ್ರೇಟ್ ಆದ ಹಾಗಿದೆ!’ ಯಜಮಾನ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ‘ಗಿರಣಿ ಓಡೋವಾಗ ಗೋಡೆಗೆ ಕೈ ಇಟ್ಟಂಗೆ’ ಅಂದರು. ಸ್ಟೆತಸ್ಕೋಪ್ ಇಟ್ಟವರಿಗೆ ಗುಂಯ್ ಗುಂಯ್ ಅಂತ ಕೇಳಿಸಿತು. ಬೆಳಿಗ್ಗೆ ಎದ್ದ ಕೂಡಲೇ, ದೇವರಿಗೆ ಕೈ ಮುಗಿಯುವ ಮೊದಲು, ಬಲಗೈಯಿಂದ ಎಡಗೈ ಮುಟ್ಟಿಕೊಳ್ಳುತ್ತಾರಂತೆ. ಗಿರಣಿ ಓಡುತ್ತಿದೆಯಾ ಅಂತ.

‘ಮೊದ್ಲು ಇಲ್ಲಿತ್ತು’ ಅಂತ ಮಣಿಕಟ್ಟು ತೋರಿಸಿದರು. ಅಲ್ಲೊಂದು ಹಳೇ ಗಾಯದ ಗುರುತು.

ಎರಡು ವರ್ಷದ ಹಿಂದೆ ವಾಂತಿ ಭೇದಿ ಆಗಿ ಒಂದು ಆಸ್ಪತ್ರೆಗೆ ಸೇರಿದ್ದರು. ಯಾವುದು ಅಂತ ಬೇಡ. ರಾತ್ರಿ ಎರಡು ಗಂಟೆಗೆ ಒಬ್ಬ ನರ್ಸ್ ಬಂದು ಎಡಗೈಗೆ ಪಟ್ಟಿ ಸುತ್ತಿದಳು. ಅರೆನಿದ್ದೆಯಲ್ಲಿ ಇವರು ‘ಈ ಕೈ ಬ್ಯಾಡವ್ವಾ, ಈ ಕೈ ಬ್ಯಾಡ’ ಅಂದರು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಬಿ.ಪಿ. ನೋಡುವುದೇ ಬೇಡ ಅನ್ನುತ್ತಿದ್ದಾರೆ ಅಂದುಕೊಂಡಳು. ‘ಒನ್ ಮಿನಿಟ್, ಒನ್ ಮಿನಿಟ್’ ಅನ್ನುತ್ತಾ ಗಾಳಿ ತುಂಬಿದಳು. ಬೆಳಿಗ್ಗೆ ಮುಟ್ಟಿ ನೋಡಿಕೊಂಡಾಗ ಗಿರಣಿ ನಿಂತಿತ್ತು. ಕುತ್ತಿಗೆಗೆ ಪೈಪು ಹಾಕಿಸಿಕೊಂಡು ಮೂರು ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡರು. ಅಷ್ಟರೊಳಗೆ ಮೊಣಕೈ ಹತ್ತಿರ ಹೊಸ ಆಪರೇಷನ್ ಆಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಪಟ್ಟಿ ಕಟ್ಟಿದ್ದರಿಂದಲೇ ಮುಚ್ಚಿತು ಅನ್ನಲಾಗದು. ವಾಂತಿ ಭೇದಿಯಲ್ಲಿ ಬಿ.ಪಿ. ಇಳಿದಾಗ ಫಿಸ್ಟುಲಾ ತಾನಾಗಿಯೂ ಹೆಪ್ಪುಗಟ್ಟಬಹುದು. ಮಕ್ಕಳಿಗೂ ಹಾಗೇ ಹೇಳಿದೆ. ಯಜಮಾನ್ರು ತಲೆ ಆಡಿಸಿದರು. ‘ಡಾಕ್ಟ್ರೂ ಅದೇ ಅಂದ್ರು. ನಂಗೆ ಅದಲ್ಲ ಬೇಜಾರು. ನಾನು ಬ್ಯಾಡ ಅಂದೆ. ಅಷ್ಟು ಸಲ ಅಂದೆ.’

ಕ್ಲಾಸಿನಲ್ಲಿ ಸದ್ದಿಲ್ಲ. ಕೇರಳದ ಒಬ್ಬ ಹುಡುಗಿ ಎದ್ದು ನಿಂತಳು. ಅವಳಿಗೆ ಅವರು ಹೇಳಿದ್ದು ಅರ್ಧ ಮಾತ್ರ ಅರ್ಥವಾಗಿತ್ತು. ಪಕ್ಕದವಳಿಂದ ಪಿಸುಗುಟ್ಟಿಸಿಕೊಂಡು ಕೇಳಿದ್ದಳು. ಆ ‘ಬ್ಯಾಡ’ ಅನ್ನುವ ಶಬ್ದದ ಬಗ್ಗೆ ಅವಳಿಗೊಂದು ಅನುಮಾನ. ವಾರ್ಡಿನಲ್ಲಿ ರೋಗಿಗಳು ಅದನ್ನೇ ಹೇಳುತ್ತಾರೆ, ನಾವು ಕಲಿತದ್ದು ‘ಬೇಡ’ ಅಲ್ವಾ ಮೇಡಂ, ಇದು ಬೇರೆ ಶಬ್ದ ಅಂದುಕೊಂಡಿದ್ದೆ ಅಂದಳು. ನಮ್ಮಲ್ಲಿ ಹೊರರಾಜ್ಯದ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ, ನಿಜ. ಪುಸ್ತಕದ ಕನ್ನಡ. ‘ನಿಮಗೆ ನೋವು ಇದೆಯೇ?’ ಅಂತ ಕೇಳಲು ಕಲಿಸುತ್ತೇವೆ. ‘ಚುಳುಕ್ ಅಂತೈತೆ’ ಅಂತ ಉತ್ತರ ಬಂದರೆ ಏನು ಮಾಡಬೇಕೆಂದು ಕಲಿಸುವುದಿಲ್ಲ.

ಆಗ ನಾನು ಅಂದುಕೊಂಡಿರದ ಒಂದು ಸಂಗತಿ ನಡೆಯಿತು. ಜಗಳೂರು ಕಡೆಯ ಒಬ್ಬಳು ಹಿಂದಿನ ಬೆಂಚಿನಿಂದ ಎದ್ದು ಬಂದು ಬೋರ್ಡಿನ ಮೇಲೆ ಬರೆಯತೊಡಗಿದಳು. ಎರಡು ಸೆಮಿಸ್ಟರಿನಲ್ಲಿ ಆ ಹುಡುಗಿಯ ದನಿ ನಾನು ಹಾಜರಿ ಕೂಗುವಾಗ ಬಿಟ್ಟರೆ ಕೇಳಿರಲಿಲ್ಲ. ಬ್ಯಾಡ. ಬ್ಯಾನಿ. ಸಂಕಟ. ತಲೆ ಗಿರ್ ಅಂತೈತೆ. ಕಣ್ಣು ಕತ್ಲೆ ಬರ್ತೈತೆ. ಮೈಯೆಲ್ಲ ಜುಮ್ ಅಂತೈತೆ. ಒಂದೊಂದಕ್ಕೂ ಯಜಮಾನ್ರು, ಡಯಾಲಿಸಿಸ್‌ನಲ್ಲಿ ಇದು ಯಾವಾಗ ಆಗುತ್ತೆ ಅಂತ ಹೇಳಿದರು. ಬಿ.ಪಿ. ಇಳಿಯುವ ಮೊದಲು ಕಣ್ಣು ಕತ್ತಲೆ, ಜಾಸ್ತಿ ನೀರು ಎಳೆದಾಗ ಮೀನಖಂಡ ಹಿಡಿಯುವುದು. ಅವಳು ಅರ್ಥ ಬರೆದಳು, ಕೇರಳದ ಮಕ್ಕಳು ಮಲಯಾಳಂನಲ್ಲಿ ಇಳಿಸಿಕೊಂಡರು. ಇಪ್ಪತ್ತು ನಿಮಿಷ ನನಗೇನೂ ಕೆಲಸವಿರಲಿಲ್ಲ.

ಎಡವಿದ್ದು

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೂ ಹತ್ತು ನಿಮಿಷ ಇದೆ, ಏನು ಬೇಕಾದರೂ ಕೇಳಿ ಅಂದೆ. ತಪ್ಪು ನನ್ನದೇ.

ಮುಂದಿನ ಬೆಂಚಿನ ಒಬ್ಬಳು, ಯಾವಾಗಲೂ ಫಸ್ಟ್ ಬರುವವಳು, ಕೇಳಿದಳು. ‘ಅಂಕಲ್, ಟ್ರಾನ್ಸ್‌ಪ್ಲಾಂಟ್ ಯಾಕೆ ಮಾಡಿಸಿಲ್ಲ? ಆಂಟಿ ಕಿಡ್ನಿ ಕೊಡಬಹುದಲ್ವಾ?’

ಆಂಟಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅಷ್ಟು ಹೊತ್ತು ಅವರಿದ್ದಾರೆ ಅನ್ನುವುದನ್ನೇ ನಾವು ಮರೆತಿದ್ದೆವು. ಯಜಮಾನ್ರು ಬಾಟಲಿ ಕೈಗೆತ್ತಿಕೊಂಡು ಮುಚ್ಚಳ ತಿರುಗಿಸುತ್ತಾ ಕೂತರು. ಹೆಂಡತಿ ಮಾತಾಡಿದರು. ‘ನಾನು ಕೊಡ್ತೀನಿ ಅಂದೆ. ನಂಗೆ ಶುಗರ್ ಐತೆ, ಆಗಲ್ಲ ಅಂದ್ರು. ಇವ್ರಿಗೆ ಇಬ್ರು ತಮ್ಮಂದಿರು ಅದಾರೆ. ಇವ್ರೇ ಓದ್ಸಿದ್ದು. ಒಬ್ರೂ ಆಸ್ಪತ್ರೆ ಬಾಗ್ಲಿಗೆ ಬಂದಿಲ್ಲ.’

‘ಸಾಕು ಬಿಡೇ’ ಅಂದರು ಯಜಮಾನ್ರು. ಬೇರೇನೂ ಹೇಳಲಿಲ್ಲ. ಹೋಗುವಾಗ ಬಾಟಲಿ ಮೇಜಿನ ಮೇಲೇ ಬಿಟ್ಟು ಹೋದರು.

ವಿದ್ಯಾರ್ಥಿನಿಯನ್ನು ಬೈಯಲು ಮನಸ್ಸಾಗಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಅವಳ ಪ್ರಶ್ನೆ ಸರಿಯಾದದ್ದೇ. 1994ರ ಅಂಗಾಂಗ ಕಸಿ ಕಾಯ್ದೆ, ಹತ್ತಿರದ ಸಂಬಂಧಿಗಳ ದಾನ, ಸತ್ತವರ ಅಂಗಾಂಗಕ್ಕೆ ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸುವುದು, ಎಲ್ಲ ಹಿಂದಿನ ವಾರ ನಾನೇ ಹೇಳಿದ್ದೆ. ಮಕ್ಕಳಿಗೆ ಇಪ್ಪತ್ತು ಸ್ಲೈಡ್ ತಯಾರು ಮಾಡಿದ್ದ ನಾನು, ಬರುವವರಿಗೆ ಏನೂ ತಯಾರಿ ಮಾಡಿರಲಿಲ್ಲ. ಯಾವ ಪ್ರಶ್ನೆ ಬೇಡ ಅಂತ ಅವರನ್ನು ಕೇಳಿರಲಿಲ್ಲ. ಹೆಂಡತಿಯನ್ನಂತೂ ಏನೂ ಕೇಳಿರಲಿಲ್ಲ. ಸುಮ್ನೆ ಜೊತೆಗೆ ಬಂದವರು ಅಂದುಕೊಂಡಿದ್ದೆ. ಅವರ ಮನೆಯ ಮಾತು ನಲವತ್ತು ಜನರ ನೋಟ್‌ಬುಕ್ಕಿಗೆ ಹೋಯಿತು.

ಸೋಮವಾರ ಬಾಟಲಿ ಹಿಡಿದು ಡಯಾಲಿಸಿಸ್ ಯೂನಿಟ್ಟಿಗೆ ಹೋದೆ. ಯಜಮಾನ್ರು ಮಷಿನ್ ಮೇಲಿದ್ದರು. ತಪ್ಪಾಯಿತು ಅಂದೆ. ‘ಬಿಡ್ರಿ ಮೇಡಂ, ಸಣ್ಣ ಹುಡುಗಿ’ ಅಂದರು. ಆಮೇಲೆ, ‘ಇನ್ನೊಂದು ಸಲ ಕರೆದ್ರೆ ತಮ್ಮಂದಿರ ಸುದ್ದಿ ಬ್ಯಾಡ. ಎಷ್ಟು ವರ್ಷ ಬದುಕ್ತೀನಿ ಅಂತ ಕೇಳೋದೂ ಬ್ಯಾಡ. ಮತ್ತೆಲ್ಲ ಕೇಳ್ಲಿ’ ಅಂದರು. ಇನ್ನೊಂದು ಸಲ ಅನ್ನುವ ಮಾತು ಅವರ ಬಾಯಿಂದಲೇ ಬಂತು.

ಎರಡನೇ ಸಲ

ಮುಂದಿನ ಬ್ಯಾಚಿಗೆ ಬಂದಾಗ ಕೆಲವು ಬದಲಾಗಿತ್ತು. ಮಕ್ಕಳು ಪ್ರಶ್ನೆಗಳನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದುಕೊಟ್ಟರು. ನಾನು ಓದಿ ಹೇಳಿದೆ, ಯಜಮಾನ್ರು ಮೂರು ಚೀಟಿ ಪಕ್ಕಕ್ಕಿಟ್ಟರು. ಯಾಕೆ ಅಂತ ಕೇಳಲಿಲ್ಲ. ಸಾಕು ಅನಿಸಿದರೆ ಲೋಟ ಬೋರಲು ಹಾಕುವುದು, ಹಾಕಿದ ಕೂಡಲೇ ಕ್ಲಾಸು ಮುಗಿಯಿತು ಅಂತ ಮಾತಾಯಿತು. ಈವರೆಗೆ ಹಾಕಿಲ್ಲ.

ಇದೆಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಐನೂರು ರೂಪಾಯಿ ಗೌರವಧನ. ಹೊರಗಿನ ಉಪನ್ಯಾಸಕರಿಗೆ ಕೊಡುವ ಹಾಗೆ ಇವರಿಗೂ ಕೊಡಬೇಕು ಅಂತ ನನ್ನ ಹಟ. ಸಹಾಯಧನ ಅಂತ ಬರೆದುಬಿಡಿ ಮೇಡಂ, ಸಲೀಸಾಗುತ್ತದೆ ಅಂದರು ಆಫೀಸಿನವರು. ಸಹಾಯ ಮಾಡಿದ್ದು ಅವರು ನಮಗೆ, ನಾವು ಅವರಿಗಲ್ಲ ಅಂದೆ. ವೋಚರಿನಲ್ಲಿ ವಿದ್ಯಾರ್ಹತೆ ಅಂತ ಒಂದು ಕಾಲಂ ಇತ್ತು. ಖಾಲಿ ಬಿಟ್ಟರೆ ಪಾಸಾಗುವುದಿಲ್ಲ. ‘ಡಯಾಲಿಸಿಸ್, ಐದು ವರ್ಷ’ ಅಂತ ತುಂಬಿದೆ. ಎರಡು ಸಲ ವಾಪಸ್ ಬಂತು. ಮೂರನೇ ಸಲ ಪಾಸಾಯಿತು. ಓದಿ ಮಾಡಿದರೋ ಓದದೆ ಮಾಡಿದರೋ ನನಗೆ ಗೊತ್ತಿಲ್ಲ.

ಫಲ ಏನು ಅಂತ ಕೇಳುತ್ತಾರೆ. ಒಂದು ಕ್ಲಾಸಿನಿಂದ ವಾರ್ಡಿನ ಅಭ್ಯಾಸ ಬದಲಾಯಿತು ಅನ್ನಲು ನನ್ನ ಹತ್ತಿರ ಅಂಕಿ ಅಂಶ ಇಲ್ಲ. ಕಣ್ಣಾರೆ ಕಂಡದ್ದು ಹೇಳಬಲ್ಲೆ. ಆ ಕೇರಳದ ಹುಡುಗಿ ಈಗ ಬಿ.ಪಿ. ನೋಡಲು ಹೋದರೆ, ಪಟ್ಟಿ ಬಿಚ್ಚುವ ಮೊದಲು ‘ಅಣ್ಣಾ, ಯಾವ ಕೈ?’ ಅಂತ ಕೇಳುತ್ತಾಳೆ. ಕಾಲು ಮುರಿದವರನ್ನೂ ಕೇಳುತ್ತಾಳೆ, ಹೆರಿಗೆ ವಾರ್ಡಿನಲ್ಲೂ ‘ಅಕ್ಕಾ, ಯಾವ ಕೈ?’ ಅಂತ ಕೇಳುತ್ತಾಳೆ. ಅವರೆಲ್ಲ ಯಾವುದಾದರೇನು ಅನ್ನುವ ಹಾಗೆ ಅವಳ ಮುಖ ನೋಡುತ್ತಾರೆ.

ಮೊನ್ನೆ ಯಜಮಾನ್ರ ಹೆಂಡತಿ ಫೋನ್ ಮಾಡಿದ್ದರು. ಮೊದಲ ಸಲ. ಕ್ಲಾಸಿಗೆ ನಾನೂ ಬಂದು ಮಾತಾಡಬಹುದಾ ಅಂತ. ಉಪ್ಪಿಲ್ಲದ ಅಡುಗೆ ಒಬ್ಬರಿಗೆ, ಉಪ್ಪಿರುವ ಅಡುಗೆ ಮಕ್ಕಳಿಗೆ, ನಡುವೆ ತನ್ನ ಶುಗರ್ ಗುಳಿಗೆ ನೆನಪಿಟ್ಟುಕೊಳ್ಳುವುದು. ಅದನ್ನೆಲ್ಲ ಯಾರೂ ಕೇಳಿಲ್ಲ ಅಂದರು. ದೀಪಾವಳಿ ಕಳೆದ ಮೇಲಿನ ಶುಕ್ರವಾರ ಇಟ್ಟುಕೊಂಡಿದ್ದೇವೆ. ಅವರದೊಂದು ಷರತ್ತಿದೆ, ಯಜಮಾನ್ರು ಒಳಗೆ ಇರಬಾರದು. ಕಾರಿಡಾರಿನ ಬೆಂಚಿನ ಮೇಲೆ ಬಾಟಲಿ ಹಿಡಿದುಕೊಂಡು ಕೂರಲು ಅವರು ಒಪ್ಪಿದ್ದಾರಂತೆ.